ಈ ಟಯರು ಎಷ್ಟು ಸಲ ಕಾದಿದೆ?

ಮಾರ್ಚ್ ತಿಂಗಳ ಒಂದು ಶನಿವಾರ ಸಂಜೆ ಭಾಂಡುಪ್ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ನಿಂತಿತು. ಲಗೇಜ್ ಡಬ್ಬಿಯಿಂದ, ಮೀನಿನ ಬುಟ್ಟಿಗಳ ನಡುವೆ ನುಸುಳಿಕೊಂಡು ಹುಡುಗನೊಬ್ಬ ಇಳಿದ. ಎರಡು ಭುಜಕ್ಕೂ ಒಂದೊಂದು ಟಯರು ನೇತುಹಾಕಿಕೊಂಡಿದ್ದ. ಅಂಗಿಯೆಲ್ಲ ಮಸಿ ಹಿಡಿದಿತ್ತು, ಮುಖದಲ್ಲಿ ಮಾತ್ರ ಮದುವೆ ಮನೆಯ ಕಳೆ.

"ಮಾಸ್ಟ್ರೇ, ರೇಸಿಂಗ್ ಸ್ಲಿಕ್! ಕುರ್ಲಾದಲ್ಲಿ ಸಿಕ್ಕಿತು. ಹೊಸದರ ಕಾಲು ಬೆಲೆಗೆ ಕೊಟ್ಟ. ನೋಡಿ, ಸವೆದೇ ಇಲ್ಲ."

ಅವನ ಅಪ್ಪನದು ಇಲ್ಲೇ ಒಂದು ಉಡುಪಿ ಹೋಟೆಲು. ಹುಡುಗನಿಗೆ ಬೈಕಿನ ಹುಚ್ಚು. ನಾನು ಸುಳ್ಯದ ಕಡೆಯಿಂದ ಬಂದು ಮುಂಬಯಿಯಲ್ಲಿ ಹುಡುಗರಿಗೆ ವಾಹನಗಳ ಪಾಠ ಹೇಳುತ್ತ ವಯಸ್ಸು ಕಳೆದವನು. ಭಾಂಡುಪ್ ಎಂದರೆ ಸಿಯೆಟ್ ಕಾರ್ಖಾನೆಯ ಊರು, ಇಲ್ಲಿಯವರಿಗೆ ಟಯರು ಹೊಸತಲ್ಲ. ಆದರೆ ರೇಸಿನ ಟಯರು ಬೇರೆಯೇ ಜಾತಿ. ಆ ಸಂಜೆ ಅವನಿಗೆ ಹೇಳಿದ್ದನ್ನೇ, ಅವನಂತೆ ಟ್ರ್ಯಾಕಿಗೆ ಹೊರಟು ನಿಂತ ಎಲ್ಲರಿಗಾಗಿ, ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವನು ನನಗೆ ತೋರಿಸಿದ್ದು ಸವೆತ. ಸ್ಲಿಕ್ ಟಯರಿನಲ್ಲಿ ಸವೆತ ಎರಡನೆಯ ಮಾತು. ಮೊದಲು ಕೇಳಬೇಕಾದದ್ದು, ಈ ಟಯರು ಎಷ್ಟು ಸಲ ಕಾದು ಎಷ್ಟು ಸಲ ಆರಿದೆ ಎಂದು. ಸವೆತ ಕಣ್ಣಿಗೆ ಕಾಣುತ್ತದೆ, ಕಾದ ಲೆಕ್ಕ ಕಾಣುವುದಿಲ್ಲ. ಹಳೇ ಸ್ಲಿಕ್ ಕೊಂಡು ಕೈಕಾಲು ಮುರಿದುಕೊಂಡವರಲ್ಲಿ ಬಹಳ ಮಂದಿ ಆ ಕಾಣದ ಲೆಕ್ಕಕ್ಕೇ ಸಿಕ್ಕಿಬಿದ್ದವರು.

ಬುಡದಿಂದ ಶುರುಮಾಡೋಣ. ಸ್ಲಿಕ್ ಎಂದರೆ ಮೈಮೇಲೆ ಗೀರು, ಕಾಲುವೆ, ಹೂವು ಏನೂ ಇಲ್ಲದ ನುಣುಪು ಟಯರು. ನೋಡಲು ನಮ್ಮ ಹಳೇ ಸ್ಕೂಟರಿನ ಬೋಳು ಟಯರಿನಂತೆಯೇ ಇರುತ್ತದೆ. ಆದ್ದರಿಂದಲೇ "ಬೋಳು ಟಯರಿಗೆ ಗ್ರಿಪ್ ಜಾಸ್ತಿಯಂತೆ" ಎಂಬ ಅಪಾಯದ ಮಾತು ಗ್ಯಾರೇಜುಗಳಲ್ಲಿ ಓಡಾಡುತ್ತದೆ. ಸವೆದು ಬೋಳಾದ ರಸ್ತೆ ಟಯರಿನಲ್ಲಿ ಉಳಿದಿರುವುದು ತೆಳುವಾದ, ಗಟ್ಟಿಯಾದ ತಳದ ರಬ್ಬರು. ಸ್ಲಿಕ್ಕಿನಲ್ಲಿ ಹುಟ್ಟಿನಿಂದಲೇ ಗೀರಿಲ್ಲ. ಅದರ ಮೇಲುಪದರದ ರಬ್ಬರು ಬೆಣ್ಣೆಯ ಸ್ವಭಾವದ್ದು, ಒಳಗಿನ ನೂಲಿನ ಕಟ್ಟು ಬೇರೆ, ಪಕ್ಕದ ಗೋಡೆಯ ಬಿಗಿ ಬೇರೆ. ಗೀರು ಇರುವುದು ನೀರು ಹೊರಹಾಕಲಿಕ್ಕೆ. ಒಣ ರಸ್ತೆಯಲ್ಲಿ ಆ ಕೆಲಸವಿಲ್ಲ. ಗೀರು ತೆಗೆದರೆ ಅಷ್ಟು ಜಾಗದಲ್ಲೂ ರಬ್ಬರೇ ನೆಲಕ್ಕೆ ತಾಗುತ್ತದೆ. ಮೋಟಾರ್‌ಸೈಕಲ್ಲಿನ ಒಂದು ಚಕ್ರ ನೆಲಕ್ಕೆ ತಾಗುವುದೇ ಸುಮಾರು ಅಂಗೈಯಷ್ಟು ಜಾಗದಲ್ಲಿ. ಅಲ್ಲಿ ಒಂದು ಬೆರಳಗಲ ಹೆಚ್ಚಾದರೂ ದೊಡ್ಡದೇ.

ಮೋಟಾರ್‌ಸೈಕಲ್ ಗ್ರ್ಯಾನ್‌ಪ್ರೀಗೆ ಸ್ಲಿಕ್ ಬಂದದ್ದು 1970ರ ದಶಕದಲ್ಲಿ. ನಮ್ಮ ನೆಲದಲ್ಲಿ ಅದನ್ನು ಕಣ್ಣಾರೆ ಕಂಡವರ ಸಂಖ್ಯೆ ಒಮ್ಮೆಲೇ ಏರಿದ್ದು 2023ರ ಸೆಪ್ಟೆಂಬರಿನಲ್ಲಿ, ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟಿಗೆ ಮೋಟೋಜಿಪಿ ಬಂದಾಗ. ಇಟಲಿಯ ಮಾರ್ಕೊ ಬೆಜ್ಜೆಕ್ಕಿ ಗೆದ್ದ ಆ ಪಂದ್ಯವನ್ನು ಸುಡು ಸೆಕೆಯ ಕಾರಣಕ್ಕೆ 24 ಸುತ್ತಿನಿಂದ 21ಕ್ಕೆ ಇಳಿಸಿದ್ದರು. ಅದನ್ನು ನೋಡಿ ಬಂದ ನಮ್ಮ ಉಪನಗರಗಳ ಹುಡುಗರ ಬಾಯಲ್ಲಿ ತಿಂಗಳುಗಟ್ಟಲೆ ಸ್ಲಿಕ್, ಸ್ಲಿಕ್, ಸ್ಲಿಕ್. ಆಮೇಲೆ ಹಳೇ ಮಾಲಿನ ಹುಡುಕಾಟ ಶುರುವಾಯಿತು.

ಈಗ ರಬ್ಬರಿಗೆ ಬರೋಣ. ಇದನ್ನು ವಿವರಿಸಲು ನನಗೆ ನಮ್ಮೂರೇ ಬೇಕು. ಸುಳ್ಯ, ಪುತ್ತೂರು, ಕಾಸರಗೋಡಿನ ಕಡೆ ರಬ್ಬರ್ ತೋಟ ಇರುವವರಿಗೆ ಈ ಪಾಠ ಅರ್ಧ ಬಂದೇ ಇರುತ್ತದೆ. ಬೆಳಗಿನ ಜಾವ ಮರದ ಚರ್ಮ ಕೆತ್ತಿದರೆ ಹಾಲು ತೊಟ್ಟಿಕ್ಕುತ್ತದೆ. ಆ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಮೆಷಿನ್ನಿಗೆ ಕೊಟ್ಟು ಶೀಟ್ ಮಾಡಿ, ಹೊಗೆಗೂಡಿನಲ್ಲಿ ಒಣಗಿಸುತ್ತಾರೆ. ಚಿಪ್ಪಿನಲ್ಲಿ ಉಳಿದು ಒಣಗಿದ ಒಟ್ಟುಪಾಲನ್ನು ನಾವು ಮಕ್ಕಳು ಎಳೆದಾಡಿ ಚೆಂಡು ಮಾಡಿ ಆಡುತ್ತಿದ್ದೆವು. ಆ ಹಸಿ ರಬ್ಬರು ಬಿಸಿಲಿಗಿಟ್ಟರೆ ಅಂಟಂಟು, ಎಳೆದರೆ ಎಳೆದಷ್ಟು ಉದ್ದ. ಅದಕ್ಕೆ ಗಂಧಕ ಸೇರಿಸಿ ಬೇಯಿಸಿದರೆ ಮಾತ್ರ ಟಯರಿಗೆ ಬೇಕಾದ ಬಿಗಿ ಬರುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದನ್ನೇ. ರಬ್ಬರಿನ ಉದ್ದುದ್ದ ಎಳೆಗಳ ನಡುವೆ ಗಂಧಕ ಅಲ್ಲಲ್ಲಿ ಗಂಟು ಹಾಕುತ್ತದೆ. ಗಂಟು ಕಡಿಮೆಯಾದರೆ ಮೆತ್ತಗೆ, ಹೆಚ್ಚಾದರೆ ಗಟ್ಟಿ.

ರೇಸಿನ ರಬ್ಬರನ್ನು ಮೆತ್ತಗಿರಲೆಂದೇ ಮಾಡುತ್ತಾರೆ. ಅದಕ್ಕೆ ಎಣ್ಣೆ, ರಾಳದಂಥವುಗಳನ್ನು ಧಾರಾಳವಾಗಿ ಸೇರಿಸಿರುತ್ತಾರೆ. ಡಾಂಬರಿನ ಮೇಲೆ ಕಣ್ಣಿಟ್ಟು ನೋಡಿ, ಅದು ಜಲ್ಲಿಯ ಮೊನೆಗಳ ಬಯಲು. ಬಿಸಿಯಾಗಿ ಮೆತ್ತಗಾದ ರಬ್ಬರು ಆ ಮೊನೆಗಳ ಸಂದಿಗೆ ಇಳಿದು ಕಚ್ಚಿಕೊಳ್ಳುತ್ತದೆ, ಮೈಗೆ ಮೈ ತಾಗಿ ಅಂಟಿಯೂ ಕೊಳ್ಳುತ್ತದೆ. ಆದರೆ ಇದೆಲ್ಲ ನಡೆಯುವುದು ರಬ್ಬರು ಕಾದಿರುವಾಗ. ಬಹುತೇಕ ಸ್ಲಿಕ್ಕುಗಳು ಸುಖವಾಗಿ ಕೆಲಸ ಮಾಡುವುದು ಸುಮಾರು 70ರಿಂದ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ತಣ್ಣಗಿರುವ ಸ್ಲಿಕ್ ಮೇಲೆ ಬೈಕ್ ಮಲಗಿಸುವುದೆಂದರೆ ಪಾಚಿಗಟ್ಟಿದ ಅಂಗಳದಲ್ಲಿ ಓಡಿದಂತೆ.

ತೊಂದರೆ ಇರುವುದು ಇಲ್ಲೇ. ಹಿಡಿತ ಬರಬೇಕಾದರೆ ಟಯರು ಕಾಯಬೇಕು, ಆದರೆ ಪ್ರತಿಸಲ ಕಾದಾಗಲೂ ಕಾರ್ಖಾನೆಯಲ್ಲಿ ಶುರುವಾದ ಆ ಬೇಯುವಿಕೆ ಇನ್ನೊಂದಿಷ್ಟು ಮುಂದುವರಿಯುತ್ತದೆ. ಉಳಿದ ಗಂಧಕ ಹೊಸ ಗಂಟು ಹಾಕುತ್ತದೆ. ಎಣ್ಣೆಯ ಅಂಶ ಮೇಲಕ್ಕೆ ಬಂದು ಹಾರಿಹೋಗುತ್ತದೆ. ಆರಿದ ಮೇಲೆ ರಬ್ಬರು ಮೊದಲಿಗಿಂತ ಒಂದಿಷ್ಟು ಗಟ್ಟಿ. ಬೆಲ್ಲದ ಪಾಕ ಮಾಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಒಂದೆಳೆ ಪಾಕವನ್ನು ಇಳಿಸಿ, ಆರಿಸಿ, ಮತ್ತೆ ಒಲೆಗಿಟ್ಟು, ಮತ್ತೆ ಇಳಿಸಿ ನೋಡಿ. ನಾಲ್ಕನೇ ಸಲಕ್ಕೆ ಚಮಚವೇ ಮುರಿಯುವಷ್ಟು ಗಟ್ಟಿಯಾಗಿರುತ್ತದೆ. ಪಾತ್ರೆಯಲ್ಲಿ ಬೆಲ್ಲ ಅಷ್ಟೇ ಇದೆ, ಪಾಕ ಮಾತ್ರ ಇಲ್ಲ. ಹಳೇ ಸ್ಲಿಕ್ಕಿನಲ್ಲೂ ಹಾಗೆಯೇ. ರಬ್ಬರು ಎರಡು ಮಿಲಿಮೀಟರ್ ಉಳಿದಿದೆ ಎಂದು ಮಾರುವವನು ತೋರಿಸುತ್ತಾನೆ. ಉಳಿದಿರುವುದು ನಿಜ. ಅದು ಇನ್ನೂ ಕಾದು ಮೆತ್ತಗಾಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಟೀಮುಗಳವರು ಈ ಕಾರಣಕ್ಕೇ ಟಯರಿಗೆ ಕಂಬಳಿ ಹೊದಿಸುತ್ತಾರೆ. ಟಯರ್ ವಾರ್ಮರ್ ಎಂದರೆ ಒಳಗೆ ತಂತಿಯಿರುವ ವಿದ್ಯುತ್ ಕಂಬಳಿ. ಅದು ಟಯರನ್ನು ಒಂದು ಗಂಟೆ ಹೊತ್ತು ನಿಧಾನವಾಗಿ, ತಳದ ರಬ್ಬರಿನವರೆಗೆ, 80 ಡಿಗ್ರಿಯ ಸುತ್ತಮುತ್ತ ಕಾಯಿಸಿಡುತ್ತದೆ. ಎರಡು ಸೆಷನ್ನುಗಳ ನಡುವೆ ಪಿಟ್‌ಗೆ ಬಂದ ಕೂಡಲೇ ಮತ್ತೆ ಹೊದಿಸಿ ಆರಲು ಬಿಡುವುದಿಲ್ಲ. ಹೀಗೆ ಮಾಡಿದರೆ ಇಡೀ ದಿನ ಓಡಿಸಿದರೂ ಟಯರು ಪೂರ್ತಿ ಕಾದು ಪೂರ್ತಿ ಆರಿದ್ದು ಒಂದೇ ಸಲ. ಕಂಬಳಿ ಇಲ್ಲದವನು ಅದೇ ದಿನ ಐದು ಸೆಷನ್ ಓಡಿಸಿ, ನಡುನಡುವೆ ಗಂಟೆಗಟ್ಟಲೆ ಬಿಟ್ಟರೆ ಐದು ಸಲ. ಹಾಗಾಗಿ "ಒಂದೇ ದಿನ ಓಡಿದ ಟಯರು" ಎಂಬ ಮಾತಿಗೆ ಅರ್ಥವೇ ಇಲ್ಲ. ಯಾರ ಕೈಯಲ್ಲಿ, ಕಂಬಳಿಯೊಂದಿಗೋ ಇಲ್ಲದೆಯೋ ಎಂದು ಕೇಳಬೇಕು. ಮಾರುವವನಿಗೆ ಗೊತ್ತಿಲ್ಲವೆಂದರೆ ಅದೇ ಉತ್ತರ ಎಂದುಕೊಳ್ಳಿ.

ಆ ಸಂಜೆ ಟಯರನ್ನು ನಮ್ಮ ಶೆಡ್ಡಿನಲ್ಲಿ ಸ್ಟೂಲಿನ ಮೇಲಿಟ್ಟೆ. ಹುಡುಗನ ಕೈಗೆ ಟಾರ್ಚ್ ಕೊಟ್ಟೆ.

"ಮೊದಲು ಮೂಸು ಮಾರಾಯ."

ಅವನು ನಂಬಲಿಲ್ಲ, ಆದರೂ ಮೂಸಿದ. ಡೀಸೆಲ್ ವಾಸನೆ. ಹಳೇ ಟಯರಿಗೆ ಡೀಸೆಲ್ಲೋ ತಿನ್ನರೋ ಹಚ್ಚಿ, ಮೇಲೆ ಪಾಲಿಶ್ ಬಳಿದರೆ ಎರಡು ದಿನ ಕಪ್ಪಗೆ ಮಿನುಗುತ್ತದೆ, ಉಗುರಿಗೂ ಮೆತ್ತಗೆ ಸಿಗುತ್ತದೆ. ಮೆತ್ತಗಾಗಿರುವುದು ಮೇಲಿನ ಸಿಪ್ಪೆಯಷ್ಟೇ, ಅದೂ ಕೊಳೆತ ಮೆದುವು. ಬಿಳಿ ಬಟ್ಟೆಯಲ್ಲಿ ತಿಕ್ಕಿದೆ, ಕಪ್ಪು ಜಿಡ್ಡು ಬಂತು. ಸಾಬೂನು ನೀರಿನಲ್ಲಿ ತೊಳೆದು ಒರೆಸಿದೆವು. ಈಗ ಅದರ ನಿಜವಾದ ಬಣ್ಣ ಕಂಡಿತು: ಸ್ಲೇಟಿನ ಬೂದಿ.

ಆಮೇಲೆ ಉಗುರು. ಹೆಬ್ಬೆರಳಿನ ಉಗುರನ್ನು ಟಯರಿನ ನಡುವಿನಲ್ಲಿ ಒತ್ತಿ, ಗುರುತು ನಿಧಾನವಾಗಿ ಮುಚ್ಚಿಕೊಳ್ಳುತ್ತದೆಯೇ ನೋಡಿ. ಜೀವವಿರುವ ರಬ್ಬರಿನಲ್ಲಿ ಉಗುರು ಇಳಿಯುತ್ತದೆ, ಗುರುತು ಕೆಲವು ಕ್ಷಣ ನಿಂತು ಮಾಯುತ್ತದೆ. ಸತ್ತ ರಬ್ಬರಿನಲ್ಲಿ ಉಗುರು ಜಾರುತ್ತದೆ. ಇದೇ ಪರೀಕ್ಷೆ ಅಂಚಿನಲ್ಲೂ ಮಾಡಿ, ಏಕೆಂದರೆ ಬೈಕ್ ಮಲಗಿದಾಗ ನಿಮ್ಮನ್ನು ಹಿಡಿಯುವುದು ಅಂಚು. ಉಗುರು ಒರಟು ಅಳತೆ. ಸರಿಯಾದ ಅಳತೆಗೆ ಡ್ಯೂರೋಮೀಟರ್ ಎಂಬ ಗಡಿಯಾರದಂಥ ಸಣ್ಣ ಉಪಕರಣವಿದೆ. ಸೂಜಿ ಒತ್ತಿದರೆ ಗಡಸುತನದ ಅಂಕಿ ತೋರಿಸುತ್ತದೆ. ಅದೇ ಟಯರಿನ ಹೊಸ ಮಾಲನ್ನು ಅದೇ ಉಪಕರಣದಲ್ಲಿ, ಅದೇ ತಂಪಿನಲ್ಲಿ ಅಳೆದ ಅಂಕಿ ಕೈಯಲ್ಲಿದ್ದರೆ ಹೋಲಿಸಬಹುದು. ನಾಲ್ಕೈದು ಗೆಳೆಯರು ಸೇರಿ ಒಂದು ಕೊಂಡರೆ ಅದಕ್ಕಿಂತ ಒಳ್ಳೆಯ ಹೂಡಿಕೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಮೈಮೇಲೆ ಸಣ್ಣ ಸಣ್ಣ ಕುಳಿಗಳಿರುತ್ತವೆ, ಸೂಜಿಯಿಂದ ಚುಚ್ಚಿದಂತೆ. ಸ್ಲಿಕ್ಕಿನಲ್ಲಿ ಸವೆತ ಅಳೆಯಲು ಇಟ್ಟ ಗುರುತು ಅವು. ನಡುವೆ ಇವೆ, ಅಂಚಿನಲ್ಲಿ ಮಾಯವಾಗಿವೆ ಎಂದರೆ ಅಂಚು ಮುಗಿದಿದೆ. ಎಡ ಬಲ ಎರಡೂ ನೋಡಿ. ಬುದ್ಧ್ ಸರ್ಕ್ಯೂಟಿನಂತೆ ಗಡಿಯಾರದ ದಿಕ್ಕಿನಲ್ಲಿ ಸುತ್ತುವ ಟ್ರ್ಯಾಕಿನಲ್ಲಿ ಬಲ ತಿರುವುಗಳೇ ಹೆಚ್ಚಾದ್ದರಿಂದ ಬಲಗಡೆ ಬೇಗ ಸವೆಯುತ್ತದೆ. ಮಾರುವವರು ಎಡಗಡೆಯನ್ನೇ ಮುಂದೆ ಮಾಡಿ ತೋರಿಸುತ್ತಾರೆ. ಹಾಗಾದರೆ ತಿರುಗಿಸಿ ಹಾಕಿದರಾಯಿತು ಎಂದು ಹುಡುಗರು ಹೇಳುವುದುಂಟು. ಟಯರಿನ ಪಕ್ಕದಲ್ಲಿ ಬಾಣದ ಗುರುತಿದೆಯಲ್ಲ, ಅದು ಶೋಕಿಗೆ ಅಲ್ಲ. ಒಳಗೆ ರಬ್ಬರು ಪಟ್ಟಿಯ ಎರಡು ತುದಿ ಒಂದರ ಮೇಲೊಂದು ಕೂತಿರುತ್ತದೆ, ಎಂಜಿನ್ನಿನ ಎಳೆತ ಯಾವ ಕಡೆಯಿಂದ ಬರುತ್ತದೆ ಎಂದು ನೋಡಿಯೇ ಆ ಜೋಡಣೆ. ತಯಾರಕರು ಒಪ್ಪಿಗೆ ಕೊಟ್ಟ ಟಯರನ್ನು ಬಿಟ್ಟು ಬೇರಾವುದನ್ನೂ ತಿರುಗಿಸಬೇಡಿ.

ಪಕ್ಕದಲ್ಲೇ ನಾಲ್ಕು ಅಂಕಿಯ ಒಂದು ಸಂಖ್ಯೆ ಹುಡುಕಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಕಾದಿರದಿದ್ದರೂ ಟಯರಿಗೆ ವಯಸ್ಸಾಗುತ್ತದೆ. ಬಿಸಿಲು, ಗಾಳಿಯ ಓಝೋನ್, ಸೆಕೆ ಎಲ್ಲ ಅದನ್ನು ತಿನ್ನುತ್ತಲೇ ಇರುತ್ತವೆ. ಮುಂಬಯಿಯಲ್ಲಿ ಜಾಗದ ಕೊರತೆ. ಟಯರುಗಳು ಹೆಚ್ಚಾಗಿ ಟೆರೇಸಿನ ತಗಡಿನ ಕೆಳಗೋ ನೀರಿನ ಪಂಪಿನ ಪಕ್ಕದಲ್ಲೋ ಬಿದ್ದಿರುತ್ತವೆ. ತಗಡಿನ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹೇಗಿರುತ್ತದೆ ನಿಮಗೇ ಗೊತ್ತು. ಪಂಪಿನ ಮೋಟಾರು ಕಿಡಿಯಾಡುವಾಗ ಓಝೋನ್ ಹುಟ್ಟುತ್ತದೆ, ಅದು ರಬ್ಬರಿಗೆ ನಂಜು. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮನೆಯೊಳಗೆ ತಂಪಾದ ಕತ್ತಲ ಮೂಲೆಯಲ್ಲಿಟ್ಟ ಟಯರಿಗೂ ಹೀಗೆ ಬಿದ್ದಿದ್ದ ಟಯರಿಗೂ ಅಜಗಜಾಂತರ, ಇಸವಿ ಒಂದೇ ಆದರೂ.

ಕೊನೆಗೆ ಟಾರ್ಚ್ ಹಿಡಿದು ಒಳಗೆ ನೋಡುವುದು. ಇಲ್ಲಿ ನನ್ನ ಸ್ವಂತ ಕಥೆ ಹೇಳಬೇಕು. ಬಹಳ ವರ್ಷದ ಹಿಂದೆ ನಾನೂ ಹಿಂಬದಿ ಚಕ್ರಕ್ಕೆ ಒಂದು ಹಳೇ ಸ್ಲಿಕ್ ತಂದಿದ್ದೆ. ಹೊರಗಿನಿಂದ ನೋಡಿದೆ, ಉಗುರು ಒತ್ತಿದೆ, ತೃಪ್ತಿಯಾಯಿತು. ಒಳಗೆ ನೋಡಲಿಲ್ಲ. ಅದಕ್ಕೆ ಯಾರೋ ಪಂಕ್ಚರ್ ಬತ್ತಿ ಹಾಕಿ, ಹೊರಗಿನ ತುದಿ ಕತ್ತರಿಸಿ, ಮೇಲೆ ರಬ್ಬರು ಉಜ್ಜಿ ಮುಚ್ಚಿದ್ದರು. ಟ್ರ್ಯಾಕಿನಲ್ಲಿ ನಾಲ್ಕನೇ ಸುತ್ತಿಗೆ ಬತ್ತಿ ಸಡಿಲವಾಗಿ ಗಾಳಿ ಇಳಿಯತೊಡಗಿತು. ನೇರ ದಾರಿಯಲ್ಲಿ ತಿಳಿಯಲಿಲ್ಲ. ತಿರುವಿನಲ್ಲಿ ಹಿಂಭಾಗ ಹಾಸಿಗೆಯ ಮೇಲೆ ಹೊರಳಿದಂತೆ ಮೆಲ್ಲಗೆ ಹೊರಳಿತು, ಅಷ್ಟೇ ನೆನಪು. ಕೊರಳೆಲುಬು ಮುರಿಯಿತು. ಆ ಟಯರನ್ನು ಎರಡು ವರ್ಷ ಕ್ಲಾಸಿನಲ್ಲಿ ಇಟ್ಟುಕೊಂಡು ಒಳಗಿನ ಬತ್ತಿಯ ಬಾಲವನ್ನು ಒಬ್ಬೊಬ್ಬ ಹುಡುಗನಿಗೂ ಬೆರಳಲ್ಲಿ ಮುಟ್ಟಿಸಿದೆ. ರಸ್ತೆಯಲ್ಲಿ ಬತ್ತಿ ಹಾಕಿಕೊಂಡು ಮನೆ ಸೇರಬಹುದು. ಟ್ರ್ಯಾಕಿನ ಟಯರಿಗೆ ಒಂದೇ ಒಂದು ತೂತಿದ್ದರೂ ಅದು ಟ್ರ್ಯಾಕಿನದಲ್ಲ. ಹಾಗೆಯೇ ರಿಮ್ಮಿಗೆ ಕೂರುವ ಅಂಚಿನಲ್ಲಿ ಕಬ್ಬಿಣದ ಪಟ್ಟಿ ಹಾಕಿ ಎಬ್ಬಿಸಿದಾಗ ಆದ ಕಚ್ಚು, ಒಳಗೋಡೆಯ ಸುಕ್ಕು, ಗುಳ್ಳೆ, ಇವುಗಳಲ್ಲಿ ಒಂದು ಕಂಡರೂ ಬೇಡ.

ನಮ್ಮ ಹುಡುಗನ ಟಯರಿನಲ್ಲಿ ಬತ್ತಿ ಇರಲಿಲ್ಲ. ಆದರೆ ಬೇರೆ ತೊಡಕಿತ್ತು. ಅವನ ಬೈಕು ಆರ್‌ಸಿ 390. ಅದಕ್ಕೆ ಕಂಪನಿ ಕೊಟ್ಟದ್ದು ಮುಂದೆ 110/70, ಹಿಂದೆ 150/60, ಎರಡೂ 17 ಇಂಚಿನ ರಿಮ್. ಅವನು ತಂದದ್ದು ಮುಂದೆ 120/70, ಹಿಂದೆ 160/60. "ದಪ್ಪ ಇದ್ದಷ್ಟೂ ಒಳ್ಳೆಯದಲ್ಲವೇ ಮಾಸ್ಟ್ರೇ?" ಎಂದು ಕೇಳಿದ. ಅಗಲ ಕಡಿಮೆಯ ರಿಮ್ಮಿಗೆ ದಪ್ಪ ಟಯರು ತುರುಕಿದರೆ ಅದರ ಎರಡು ಪಕ್ಕ ಒಳಕ್ಕೆ ಹಿಂಡಿ ನೆತ್ತಿ ಚೂಪಾಗುತ್ತದೆ. ಗೋಡೆಗಡಿಯಾರದ ಹಾಗಿದ್ದ ದುಂಡು ತೆಂಗಿನಕಾಯಿಯ ಜುಟ್ಟಿನ ಹಾಗಾಗುತ್ತದೆ. ನೇರ ಹೋಗುವಾಗ ನೆಲಕ್ಕೆ ತಾಗುವ ಜಾಗ ಕಡಿಮೆ, ಮಲಗಿಸುವಾಗ ಒಮ್ಮೆಲೇ ಬೀಳುವ ಸ್ವಭಾವ. ಹಿಂದಿನ ಟಯರು ಎತ್ತರವಾದರೆ ಬೈಕಿನ ಹಿಂಭಾಗ ಎದ್ದು ಮುಂಭಾಗಕ್ಕೆ ಭಾರ ಬೀಳುತ್ತದೆ, ಚೈನಿಗೂ ಸ್ವಿಂಗ್‌ಆರ್ಮಿಗೂ ತಾಗುವ ಭಯ ಬೇರೆ.

ಅದಕ್ಕಿಂತ ದೊಡ್ಡ ಮಾತು ಇದು. ದೊಡ್ಡ, ಭಾರದ ಬೈಕಿಗಾಗಿ ಹುಟ್ಟಿದ ಟಯರಿನ ಕಟ್ಟು ಬಿಗಿ. ಅದನ್ನು ಬಗ್ಗಿಸಿ, ನಾದಿ, ಒಳಗಿನಿಂದ ಬಿಸಿ ಹುಟ್ಟಿಸಲು ಅಷ್ಟು ಭಾರ, ಅಷ್ಟು ಬಲ, ಅಷ್ಟು ಬಿರುಸಿನ ಬ್ರೇಕು ಬೇಕು. ಹಗುರ ಬೈಕಿನ ಮೇಲೆ ಕೂತ ಹೊಸಬ ಅದನ್ನು ಕಾಯಿಸಲಾರ. ಟಯರು ಕಾಯದೆಯೇ ಓಡುತ್ತದೆ, ಮೈ ಎಲ್ಲ ಚಿಂದಿಚಿಂದಿಯಾಗಿ ಹರಿಯುತ್ತದೆ. ಇದನ್ನು ತಣ್ಣನೆಯ ಹರಕು ಎನ್ನುತ್ತೇವೆ. ಹುಡುಗರು ಆ ಚಿಂದಿಯನ್ನು ನೋಡಿ, ಎಷ್ಟು ಜೋರಾಗಿ ಓಡಿಸಿದ್ದೇನೆ ಎಂದು ಫೋಟೊ ತೆಗೆಯುತ್ತಾರೆ. ಅದು ಜೋರಿನ ಗುರುತಲ್ಲ, ಟಯರು ನೆಲ ಹಿಡಿಯಲಾರದೆ ಉಜ್ಜಿಕೊಂಡ ಗುರುತು.

ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ನೀವು ಟ್ರ್ಯಾಕಿಗೆ ಮೊದಲ ಸಲ ಹೋಗುವವರಾದರೆ, ಬೈಕು 150ರಿಂದ 400 ಸಿಸಿಯ ಒಳಗಿದ್ದರೆ, ಕಂಬಳಿಯೂ ಜನರೇಟರೂ ಇಲ್ಲದಿದ್ದರೆ, ಸ್ಲಿಕ್ಕಿನ ಆಸೆ ಸದ್ಯಕ್ಕೆ ಬಿಡಿ. ಅದೇ ಹಣಕ್ಕೆ ನಿಮ್ಮ ಅಳತೆಯ, ಗೀರಿರುವ, ಹೊಸ ಮೆತ್ತನೆ ರೇಡಿಯಲ್ ಟಯರು ಹಾಕಿಸಿ. ಅದು ಬೇಗ ಕಾಯುತ್ತದೆ, ಜಾರುವ ಮುಂಚೆ ಕೈಗೆ ಸೂಚನೆ ಕೊಡುತ್ತದೆ. ಹೊಸಬನಿಗೆ ಬೇಕಾದದ್ದು ಆ ಸೂಚನೆ. ಒಳ್ಳೆಯ ಸ್ಲಿಕ್ ಕಚ್ಚಿದಾಗ ಬಹಳ ಕಚ್ಚುತ್ತದೆ, ಬಿಟ್ಟಾಗ ಕೇಳದೆ ಬಿಡುತ್ತದೆ.

ಇಷ್ಟೆಲ್ಲ ಕೇಳಿಯೂ ಹಾಕುತ್ತೇನೆ ಎನ್ನುವವರಿಗೆ ಗಾಳಿಯ ಲೆಕ್ಕ ಕಲಿಸಲೇಬೇಕು. ರಸ್ತೆಯ ಟಯರಿಗೆ ಪಂಪಿನವನು 29, 33 ಎಂದು ತುಂಬುತ್ತಾನಲ್ಲ, ಸ್ಲಿಕ್ಕಿಗೆ ಅದಕ್ಕಿಂತ ಕಡಿಮೆ, ಬಹುಪಾಲು ಇಪ್ಪತ್ತರ ಮನೆಯಲ್ಲೇ. ಸರಿಯಾದ ಅಂಕಿ ಆಯಾ ತಯಾರಕರ ಪಟ್ಟಿಯಲ್ಲಿರುತ್ತದೆ. ಒಂದು ಕಂಪನಿಯದು ಇನ್ನೊಂದಕ್ಕೆ ನಡೆಯುವುದಿಲ್ಲ. ಪಟ್ಟಿಯಲ್ಲಿ ಬಿಸಿಯ ಅಂಕಿ, ತಣ್ಣನೆಯ ಅಂಕಿ ಎಂದು ಬೇರೆ ಬೇರೆ ಇರುತ್ತದೆ, ಅದನ್ನು ಬೆರೆಸಬಾರದು. ಏಕೆಂದು ನೀವೇ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 30 ಡಿಗ್ರಿಯಲ್ಲಿ 20 ಪಿಎಸ್ಐ ತುಂಬಿದಿರಿ. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂದು, ಹೊರಗಿನ 14.7 ಸೇರಿಸಿದರೆ ಒಳಗೆ ನಿಜವಾಗಿ 34.7. ಟಯರು 80 ಡಿಗ್ರಿಗೆ ಕಾಯಿತು. ಕೆಲ್ವಿನ್ ಲೆಕ್ಕದಲ್ಲಿ 303ರಿಂದ 353, ಅಂದರೆ ಒಂದಕ್ಕೆ 1.165. ಒತ್ತಡವೂ ಅಷ್ಟೇ ಪಟ್ಟು ಏರಿ 40.4. ಹೊರಗಿನದನ್ನು ಕಳೆದರೆ ಗೇಜಿನಲ್ಲಿ 25.7. ಒಂದು ಹನಿ ಗಾಳಿ ಸೇರಿಸದೆ ಸುಮಾರು ಆರು ಪಿಎಸ್ಐ ಏರಿತು. ಬಿಸಿಯಲ್ಲಿ 24 ಬೇಕಾದ ಟಯರಿಗೆ ತಣ್ಣಗಿರುವಾಗಲೇ 24 ತುಂಬಿದವನು ಟ್ರ್ಯಾಕಿನಲ್ಲಿ 30ರ ಮೇಲೆ ಓಡುತ್ತಾನೆ. ಟಯರು ಉಬ್ಬಿ, ನೆಲಕ್ಕೆ ತಾಗುವ ಅಂಗೈ ನಾಲ್ಕು ಬೆರಳಾಗುತ್ತದೆ. ಬಿಸಿಯಾಗಿ ಪಿಟ್‌ಗೆ ಬಂದ ತಕ್ಷಣ ಅಳೆಯಿರಿ, ಚಹಾ ಕುಡಿದ ಮೇಲಲ್ಲ. ಗೇಜು ನಿಮ್ಮದೇ ಇರಲಿ, ಯಾವಾಗಲೂ ಅದೊಂದೇ ಇರಲಿ. ವಾಲ್ವಿಗೆ ಒಳಗೆ ವಾಷರ್ ಇರುವ ಲೋಹದ ಮುಚ್ಚಳ ಹಾಕಿ.

ಟ್ರ್ಯಾಕು ಎಲ್ಲಿ ಎಂದು ಕೇಳಿದರೆ ನಮ್ಮ ಮುಂಬಯಿ ಹುಡುಗರಿಗೆ ದಾರಿ ಉದ್ದ. ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿ 2.1 ಕಿ.ಮೀ.ಯ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿದ 3.717 ಕಿ.ಮೀ.ಯ ಸರ್ಕ್ಯೂಟ್ 1990ರಿಂದ ಇದೆ. ಅದಕ್ಕೂ ಮುಂಚೆ ಅವರು ಶೋಲಾವರಂನ ಹಳೇ ವಿಮಾನಪಟ್ಟಿಯಲ್ಲಿ ಓಡಿಸುತ್ತಿದ್ದರು. ನನಗೆ ಈ ಪಯಣದಲ್ಲಿ ಒಂದು ಖುಷಿಯಿದೆ. ಮುಂಬಯಿಯ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 48 ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ, ತುಮಕೂರು, ಬೆಂಗಳೂರು ಹಾದು ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನ ಹತ್ತಿರವೇ ಸಾಗುತ್ತದೆ. ಬೈಕನ್ನು ಟೆಂಪೋಕ್ಕೆ ಬಿಗಿದು ಸುಮಾರು 1,300 ಕಿ.ಮೀ., ಅದರಲ್ಲಿ ಅರ್ಧದಷ್ಟು ಕನ್ನಡನಾಡಿನೊಳಗೆ. ಧಾರವಾಡದ ಆಚೀಚೆ ಎಲ್ಲೋ ಜೋಳದ ರೊಟ್ಟಿ ತಿನ್ನುತ್ತ ಹುಡುಗರು ಟಯರಿನ ಮಾತೇ ಆಡುತ್ತಿರುತ್ತಾರೆ. ಹೊರಡುವ ಮುಂಚೆ ಒಂದು ತಿಳಿದಿರಲಿ: ನಿಮ್ಮ ಬೈಕಿನ ಸಾಮಾನ್ಯ ವಿಮೆ ರೇಸಿಗೂ ವೇಗದ ಪರೀಕ್ಷೆಗೂ ಅನ್ವಯಿಸುವುದಿಲ್ಲ.

ಟ್ರ್ಯಾಕಿಗೆ ಇಳಿದ ಮೇಲೆ ಮೊದಲ ಎರಡು ಮೂರು ಸುತ್ತು ನಿಮ್ಮದಲ್ಲ, ಟಯರಿನದು. ಟಿವಿಯಲ್ಲಿ ಕಾರಿನವರು ಎಡಬಲ ಹಾವಿನಂತೆ ಹೊರಳಿಸುವುದನ್ನು ನೋಡಿ ಬೈಕಿನಲ್ಲಿ ಹಾಗೆ ಮಾಡಲು ಹೋಗಬೇಡಿ, ತಣ್ಣನೆಯ ಟಯರಿನ ಮೇಲೆ ಬೀಳಲು ಅದೇ ಹತ್ತಿರದ ದಾರಿ. ಬೈಕು ನೆಟ್ಟಗಿರುವಾಗ ಬ್ರೇಕು ಒತ್ತಿ ಆಕ್ಸಿಲರೇಟರ್ ಕೊಟ್ಟು, ಒತ್ತಿ ಕೊಟ್ಟು, ಟಯರಿನ ಮೈಯನ್ನು ನಾದಬೇಕು. ಮಲಗಿಸುವುದು ಸುತ್ತಿನಿಂದ ಸುತ್ತಿಗೆ ಒಂದಿಷ್ಟೇ ಹೆಚ್ಚಲಿ. ಬಲ ತಿರುವು ಹೆಚ್ಚಿರುವ ಟ್ರ್ಯಾಕಿನಲ್ಲಿ ಎಡ ಅಂಚು ತಡವಾಗಿ ಕಾಯುತ್ತದೆ. ಬಹಳ ಹೊತ್ತು ಬಲಕ್ಕೇ ಬಾಗಿ ಬಂದು ಮೊದಲ ಎಡ ತಿರುವಿನಲ್ಲಿ ಅನುಭವಸ್ಥರೂ ಬಿದ್ದಿದ್ದಾರೆ. ಸೆಷನ್ ಮುಗಿದಾಗ ಟಯರು ಮುಟ್ಟಿ ನೋಡಿ. ಅಂಗೈ ಇಡಲಾಗದಷ್ಟು ಬಿಸಿ, ಮೈಮೇಲೆ ಸಣ್ಣ ಮರಳುಕಾಗದದ ಹಾಗೆ ಒಂದೇ ಸಮನೆ ತರಿ, ಬಣ್ಣ ಕಡುಕಪ್ಪು; ಹೀಗಿದ್ದರೆ ಹಳೇ ಟಯರಿನಲ್ಲಿ ಇನ್ನೂ ಜೀವವಿದೆ. ನುಣ್ಣಗೆ, ಗಾಜಿನಂತೆ ಹೊಳೆಯುತ್ತಿದ್ದರೆ ಕೆಲಸ ಮುಗಿದಿದೆ. ಮುಂದಿನ ಸೆಷನ್ನಿಗೆ ಬೇರೆ ಟಯರಿಲ್ಲದಿದ್ದರೆ ಹೊರಗೆ ಕೂತು ನೋಡಿ, ಅದರಲ್ಲೂ ಕಲಿಯುವುದಿದೆ.

ರಸ್ತೆಯ ಮಾತು ಒಂದಿದೆ, ಅದನ್ನು ಗಟ್ಟಿಯಾಗಿ ಹೇಳುತ್ತೇನೆ. ಟ್ರ್ಯಾಕಿನಿಂದ ಬಂದ ಸ್ಲಿಕ್ಕನ್ನು ಹಾಗೇ ಬಿಟ್ಟು ಭಾನುವಾರ ಬೆಳಿಗ್ಗೆ ಹಳೇ ಪುಣೆ ಹೆದ್ದಾರಿಯಲ್ಲಿ ಖೋಪೋಲಿ, ಲೋಣಾವಳಕ್ಕೆ ಹೋಗಿಬರುವವರಿದ್ದಾರೆ. ದ್ವಿಚಕ್ರ ವಾಹನದ ಟಯರಿನ ಗೀರು ಕನಿಷ್ಠ 0.8 ಮಿಲಿಮೀಟರ್ ಆಳವಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಸ್ಲಿಕ್ಕಿನಲ್ಲಿ ಅದು ಸೊನ್ನೆ. ಕಾನೂನು ಬಿಡಿ, ಘಾಟಿಯ ಆ ವೇಗಕ್ಕೆ ಸ್ಲಿಕ್ ಕಾಯುವುದೇ ಇಲ್ಲ. ಮೇಲಿಂದ ಹನಿ ಬಿದ್ದರೆ ನೀರು ಹೋಗಲು ದಾರಿಯಿಲ್ಲದೆ ಟಯರು ನೀರಿನ ಹಾಳೆಯ ಮೇಲೆ ತೇಲುತ್ತದೆ. ಒಂದೇ ದಿನದಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ 2005ರ ಜುಲೈ 26ನ್ನು ಕಂಡ ಊರು ನಮ್ಮದು. ಇಲ್ಲಿ ಜೂನ್ ಮೊದಲ ವಾರದಿಂದ ಸ್ಲಿಕ್ಕಿಗೆ ಜಾಗ ಕಪ್ಪು ಪ್ಲಾಸ್ಟಿಕ್ಕಿನೊಳಗೆ ಮಾತ್ರ.

ನಮ್ಮ ಹುಡುಗ ಆ ಎರಡು ಟಯರುಗಳನ್ನು ಹಾಕಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಒಂದು ವಾರ ನನ್ನ ಶೆಡ್ಡಿನ ಕಡೆ ಬರಲೂ ಇಲ್ಲ. ಆಮೇಲೆ ಬಂದ. ತನ್ನ ಅಳತೆಯ ಗೀರಿನ ಟಯರು ಹಾಕಿಸಿ ಎರಡು ಸಲ ಟ್ರ್ಯಾಕಿಗೆ ಹೋಗಿ ಬಂದ. ಮೂರನೇ ಸಲಕ್ಕೆ, ಸಣ್ಣ ಬೈಕುಗಳ ಪಂದ್ಯದಲ್ಲಿ ಓಡಿಸುವ ಪರಿಚಯದ ಒಬ್ಬರಿಂದ, ಅವನ ರಿಮ್ಮಿಗೇ ಹೊಂದುವ ಒಂದು ಜೊತೆ ಸ್ಲಿಕ್ ಸಿಕ್ಕಿತು. ಎರಡು ಸಲ ಮಾತ್ರ ಕಾದದ್ದು, ಕಂಬಳಿ ಹೊದ್ದದ್ದು, ಕೊಟ್ಟವರು ದಿನಾಂಕ ಬರೆದೇ ಕೊಟ್ಟಿದ್ದರು. ನಾಲ್ವರು ಹುಡುಗರು ಸೇರಿ ಒಂದು ಜೊತೆ ಕಂಬಳಿಯನ್ನೂ ಕೊಂಡರು.

ಟಯರಿನ ಪಕ್ಕದಲ್ಲಿ ಬಿಳಿ ಪೇಂಟ್ ಪೆನ್ನಿನಿಂದ ಗೆರೆ ಎಳೆಯುವುದನ್ನು ಅವನಿಗೆ ಕಲಿಸಿದ್ದೇನೆ. ಪೂರ್ತಿ ಕಾದು ಪೂರ್ತಿ ಆರಿದಾಗಲೆಲ್ಲ ಒಂದು ಗೆರೆ, ಪಕ್ಕದಲ್ಲಿ ಡ್ಯೂರೋಮೀಟರಿನ ಅಂಕಿ. ಮೊನ್ನೆ ನೋಡಿದಾಗ ಆರು ಗೆರೆ ಇತ್ತು. ಅಂಕಿ ಐದನೇ ಗೆರೆಯಿಂದ ಏರಲು ಶುರುವಾಗಿದೆ. "ಇನ್ನೊಂದು ಸಲ ಓಡಿಸಬಹುದೇ ಮಾಸ್ಟ್ರೇ?" ಎಂದ. ಉಗುರು ಒತ್ತಿ ನೋಡು ಎಂದೆ. ಅವನು ನಡುವಿನಲ್ಲಿ ಒತ್ತಿದ, ಆಮೇಲೆ ನಾನು ಹೇಳದೆಯೇ ಬೈಕು ಸುತ್ತಿ ಬಂದು, ಎಡ ಅಂಚಿನಲ್ಲೂ ಒತ್ತಿ, ಗುರುತು ಮುಚ್ಚಿಕೊಳ್ಳುವವರೆಗೆ ಬಗ್ಗಿ ನೋಡುತ್ತ ನಿಂತ.